ಹೊಸಿಲಿಲ್ಲದ ಬಾಗಿಲಿಗೆ ಒಂದು ಪ್ರಮಾಣಪತ್ರ

ಗಾಜಿಗೆ ಪ್ರಮಾಣಪತ್ರ ಇತ್ತು, ಬಾಗಿಲಿಗೆ ಇರಲಿಲ್ಲ. ಎರಡೂ ಬೇರೆ ಬೇರೆ ಅನ್ನುವುದು ನಮ್ಮ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತು, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಬಿಸಿಲಿನ ಶಾಖ ಎಷ್ಟು ತಡೆಯುತ್ತೆ?" ಅಂತ ಗ್ರಾಹಕರು ಕೇಳಿದರೆ ಗಾಜಿನ ಕಂಪನಿಯವರು ಕೊಟ್ಟ ಹಾಳೆಯನ್ನು ಮುಂದಿಡುತ್ತೇವೆ. ಅವರು ಅದರ ಮೇಲೊಮ್ಮೆ ಕಣ್ಣಾಡಿಸಿ ತಲೆಯಾಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಈ ಸಲ ತಲೆಯಾಡಿಸದವರೊಬ್ಬರು ಸಿಕ್ಕರು.

"ಮೇಡಂ, ನೀವು ಕಳಿಸಿರೋದು ಗಾಜಿನ ನಂಬರ್ರು," ಅಂದರು ನಾವು ಬಾಗಿಲು ಮಾಡಿಕೊಡಬೇಕಿದ್ದ ಒಂದು ಕಟ್ಟಡದ ಆರ್ಕಿಟೆಕ್ಟ್ ಫೋನಿನಲ್ಲಿ. "ನಂಗೆ ಬಾಗಿಲಿನ ನಂಬರ್ ಬೇಕು. ಫ್ರೇಮು, ಗಾಲಿ, ರಬ್ಬರು ಎಲ್ಲಾ ಸೇರಿ. ಲ್ಯಾಬಲ್ಲಿ ಟೆಸ್ಟ್ ಆಗಿರೋದು."

"ಮಡಚೋ ಬಾಗಿಲಿಗೆ ಅಷ್ಟೆಲ್ಲ ಯಾರೂ ಕೇಳಲ್ಲ ಸಾರ್."

"ನಾನು ಕೇಳ್ತಾ ಇದೀನಲ್ಲ."

ಫೋನ್ ಇಟ್ಟ ಮೇಲೆ ಅವರನ್ನು ಮನಸಾರೆ ಬೈದುಕೊಂಡೆ. ಅವರು ಕೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು.

ನಮ್ಮ ಶೆಡ್ಡು ಹೆಗ್ಗನಹಳ್ಳಿಯಲ್ಲಿದೆ. ಅಲ್ಲಿ ದೊಡ್ಡ ದೊಡ್ಡ ಮಡಚುವ ಗಾಜಿನ ಬಾಗಿಲು ಮಾಡುತ್ತೇವೆ; ಅವುಗಳ ವಿನ್ಯಾಸ ನನ್ನ ಕೆಲಸ. ಗೋಡೆಯಷ್ಟು ಅಗಲದ ಬಾಗಿಲು, ಆಳೆತ್ತರಕ್ಕಿಂತ ಎತ್ತರದ ಗಾಜಿನ ಹಲಗೆಗಳು. ಒಂದಕ್ಕೊಂದು ಕೀಲು ಹಾಕಿ ಜೋಡಿಸಿರುತ್ತೇವೆ. ತಳ್ಳಿದರೆ ಹಳಿಯ ಮೇಲೆ ಉರುಳುತ್ತಾ ಸೀರೆಯ ನೆರಿಗೆಯ ಹಾಗೆ ಮಡಚಿಕೊಂಡು ಪಕ್ಕಕ್ಕೆ ಹೋಗಿ ನಿಲ್ಲುತ್ತವೆ. ನೋಡಲು ಚೆಂದ. ಆದರೆ ಹಲಗೆ ಹೆಚ್ಚಿದಷ್ಟೂ ಅಲ್ಯೂಮಿನಿಯಂ ಫ್ರೇಮು ಹೆಚ್ಚು, ಸಂದು ಹೆಚ್ಚು. ಗಾಜು ತಡೆದ ಶಾಖವನ್ನು ಫ್ರೇಮು ಒಳಗೆ ಬಿಟ್ಟುಕೊಳ್ಳುತ್ತದೆ, ಸಂದುಗಳಲ್ಲಿ ಗಾಳಿ ಸೋರುತ್ತದೆ. ಇಡೀ ಬಾಗಿಲಿಗೆ ಅಂತ ಸಂಖ್ಯೆ ಬರೆಸಲು ಹೊರಟರೆ ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಯಾರೂ ಹೊರಡುವುದಿಲ್ಲ.

ಈ ಬಾಗಿಲು ಹೋಗಬೇಕಾಗಿದ್ದು ಶ್ರೀಗಂಧದ ಕಾವಲಿನ ಒಂದು ತರಬೇತಿ ಕೇಂದ್ರಕ್ಕೆ. ಗಾಲಿಕುರ್ಚಿಯಲ್ಲಿ ಓಡಾಡುವವರಿಗೆ ಅಲ್ಲಿ ಹೊಲಿಗೆ, ಕಂಪ್ಯೂಟರ್ ಕಲಿಸುತ್ತಾರೆ. ಅದನ್ನು ನಡೆಸುವವರೂ ಗಾಲಿಕುರ್ಚಿಯವರೇ. ಐವತ್ತು ದಾಟಿದ ಹೆಂಗಸು, ಜೋರು ದನಿ. ಎಲ್ಲರೂ ಅವರನ್ನು ಟೀಚರ್ ಅಂತಲೇ ಕರೆಯುತ್ತಾರೆ. ಹೊಸ ಕಟ್ಟಡಕ್ಕೆ ದಾನ ಕೊಟ್ಟವರು ಒಂದು ಷರತ್ತು ಹಾಕಿದ್ದರು. ಕಟ್ಟಡ ಕರೆಂಟು ಕುಡಿಯಬಾರದು, ಪಶ್ಚಿಮಕ್ಕೆ ಮುಖ ಮಾಡಿದ ಮುಂಭಾಗದಲ್ಲಿ ಏನೇ ಕೂರಿಸಿದರೂ ಅದರ ಶಾಖದ ಲೆಕ್ಕಕ್ಕೆ ಪ್ರಮಾಣಪತ್ರ ಇರಬೇಕು. ಇಲ್ಲದಿದ್ದರೆ ಮುಂದೆ ತೆರೆಯಲಾಗದ ಗಾಜಿನ ಗೋಡೆ, ಓಡಾಡಲು ಹಿಂದುಗಡೆ ಒಂದು ಸಣ್ಣ ಬಾಗಿಲು. ಆರ್ಕಿಟೆಕ್ಟ್ ಆ ನಕ್ಷೆಯನ್ನೂ ತಯಾರು ಮಾಡಿ ಇಟ್ಟುಕೊಂಡಿದ್ದರು.

ಅಳತೆ ತೆಗೆಯಲು ಹೋದ ದಿನ ಟೀಚರ್ ಆ ಹಿಂದಿನ ಬಾಗಿಲಿನ ನಕ್ಷೆಯನ್ನು ನನಗೆ ತೋರಿಸಿದರು.

"ನೋಡ್ರೀ, ಬ್ಯಾಂಕಿಗೆ ಹೋದ್ರೆ ಹಿಂದ್ಗಡೆ ಬಾಗ್ಲು. ಛತ್ರಕ್ಕೆ ಹೋದ್ರೆ ಅಡುಗೆಮನೆ ಬಾಗ್ಲು, ಪಾತ್ರೆ ತೊಳೆಯೋ ಜಾಗದಲ್ಲಿ ಒಳಗೆ ಬರ್ಬೇಕು. ಮದುವೆಗೆ ರೇಷ್ಮೆ ಸೀರೆ ಉಟ್ಕೊಂಡು ಹೋಗಿರ್ತೀನಿ! ಈಗ ನಂದೇ ಕೇಂದ್ರಕ್ಕೂ ಹಿಂದ್ಗಡೆಯಿಂದ ಬರ್ಬೇಕಾ?"

"ಹಾಗಾಗಲ್ಲ ಟೀಚರ್."

"ಇನ್ನೊಂದು. ಹೊಸಿಲು ಇಡ್ಬೇಡಿ. ಇಷ್ಟೇ ಇಷ್ಟು ಇದ್ರೂ ನಂಗೆ ಅದು ಗೋಡೆನೇ. ಯಾರ್ ಮನೆಗೆ ಹೋದ್ರೂ ಜನ ಮುಖ ನೋಡಿ ನಮಸ್ಕಾರ ಅಂತಾರೆ, ನಾನು ಮೊದ್ಲು ಕೆಳಗೆ ನೋಡ್ತೀನಿ. ಬಾಗ್ಲಲ್ಲಿ ಏನಿದೆ, ಎಷ್ಟಿದೆ, ಯಾರನ್ನ ಕರೀಬೇಕು. ಅಭ್ಯಾಸ ಆಗ್ಬಿಟ್ಟಿದೆ."

ನಗುತ್ತಲೇ ಹೇಳಿದರು. ಆದರೆ ಶೆಡ್ಡಿಗೆ ವಾಪಸ್ ಬರುವಾಗ ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ನನ್ನ ತಲೆಯಲ್ಲಿ ಅದೊಂದೇ ಮಾತು ಓಡುತ್ತಿತ್ತು.

ಶಾಖದ ಕೆಲಸ ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಫ್ರೇಮನ್ನು ಒಳಗಿನದು ಒಂದು, ಹೊರಗಿನದು ಒಂದು ಅಂತ ಎರಡು ತುಂಡು ಮಾಡಿ ನಡುವೆ ಶಾಖ ದಾಟದ ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಕೂರಿಸಿದೆವು. ಬಾಣಲೆಗೆ ಮರದ ಹಿಡಿಕೆ ಹಾಕುವುದು ಯಾಕೋ ಇದೂ ಅದಕ್ಕೇ. ಸಂಜೆ ಬಿಸಿಲಿಗೆ ಲೇಪನವಿರುವ ಜೋಡಿ ಗಾಜು ಆರಿಸಿದೆವು. ಪ್ರಯೋಗಾಲಯದವರು ಕಂಪ್ಯೂಟರಿನಲ್ಲಿ ಇಡೀ ಬಾಗಿಲಿನ ಲೆಕ್ಕ ಹಾಕಿ, ಶಾಖ ದಾಟುವ ಸಂಖ್ಯೆಯೂ ಬಿಸಿಲು ಒಳಬರುವ ಸಂಖ್ಯೆಯೂ ಮಿತಿಯೊಳಗಿವೆ ಅಂದರು. ಉಳಿದದ್ದು ಗಾಳಿ ಸೋರಿಕೆ. ಅದನ್ನು ಕಂಪ್ಯೂಟರ್ ಹೇಳುವುದಿಲ್ಲ. ನಿಜವಾದ ಬಾಗಿಲು ಮಾಡಿ ತೆಗೆದುಕೊಂಡು ಹೋಗಬೇಕು.

ಗಾಳಿ ತಡೆಯುವುದಕ್ಕೆ ಸುಲಭದ ಉಪಾಯ ಹೊಸಿಲೇ. ಕೆಳಗೆ ಎತ್ತರದ ಪಟ್ಟಿ ಇದ್ದರೆ ಬಾಗಿಲು ಅದಕ್ಕೆ ಒತ್ತಿಕೊಂಡು ಕೂರುತ್ತದೆ, ಗಾಳಿಯೂ ಇಲ್ಲ, ಮಳೆ ನೀರೂ ಇಲ್ಲ. ನೆಲದ ಸಮಕ್ಕೆ ಹಳಿ ಹಾಕಿದರೆ ಒತ್ತಿಕೊಳ್ಳುವುದಕ್ಕೆ ಏನೂ ಇರುವುದಿಲ್ಲ. ಮಳೆ ನೀರು ಹಳಿಗೇ ಬೀಳುತ್ತದೆ. ಅದಕ್ಕೆ ಹಳಿಯ ತಳದಲ್ಲಿ ಸಣ್ಣ ಸಣ್ಣ ಕಿಂಡಿ ಇಟ್ಟೆವು. ನೀರು ಆ ಕಿಂಡಿಯಿಂದ ಹೊರಗೆ ಹೋಗಬೇಕು, ಆದರೆ ಗಾಳಿ ಅದೇ ಕಿಂಡಿಯಿಂದ ಒಳಗೆ ಬರಬಾರದು. ಆದ್ದರಿಂದ ಒಂದೊಂದು ಕಿಂಡಿಯ ಹೊರಬಾಯಿಗೂ ತೆಳ್ಳನೆಯ ರಬ್ಬರ್ ನಾಲಿಗೆ ಅಂಟಿಸಿದೆವು. ಒಳಗಿನಿಂದ ನೀರು ಬಂದರೆ ನಾಲಿಗೆ ತೆರೆದುಕೊಳ್ಳುತ್ತದೆ, ಹೊರಗಿನಿಂದ ಗಾಳಿ ಒತ್ತಿದರೆ ಗಪ್ಪನೆ ಮುಚ್ಚಿಕೊಳ್ಳುತ್ತದೆ. ಆ ನಾಲಿಗೆಯ ಬಗ್ಗೆ ನನಗೆ ಒಳಗೊಳಗೇ ಭಾರಿ ಹೆಮ್ಮೆ.

ಜೋಡಣೆ ನಮ್ಮ ಮೇಸ್ತ್ರಿಯದು. ಹೆಗ್ಗನಹಳ್ಳಿಯವರೇ, ಸುತ್ತ ಶೆಡ್ಡುಗಳು ಬರುವ ಮುಂಚಿನಿಂದಲೂ ಅಲ್ಲೇ ಇದ್ದ ಮನೆತನ. ಕೆಲಸ ಅಚ್ಚುಕಟ್ಟು, ಆದರೆ ಈ ಬಾಗಿಲು ಅವರಿಗೆ ಮೊದಲ ದಿನದಿಂದಲೇ ಸರಿಬರಲಿಲ್ಲ.

"ಹೊಸಿಲೇ ಇಲ್ದಿರೋ ಬಾಗ್ಲು ಅಂದ್ರೆ ಏನ್ ಮೇಡಂ? ಲಕ್ಷ್ಮಿ ಎಲ್ಲಿ ನಿಂತ್ಕೋತಾಳೆ?"

"ನಿಂತ್ಕೊಳ್ಳೋದ್ಯಾಕೆ, ಸೀದಾ ಒಳಗೇ ಬರ್ಲಿ ಬಿಡಿ."

"ನಿಮ್ಗೆ ಎಲ್ಲಾ ತಮಾಷೆ."

ತಮಾಷೆಯಲ್ಲ, ಅವರ ಕಷ್ಟ ನಿಜವಾದದ್ದು. ನಮ್ಮ ಶೆಡ್ಡಿನಿಂದ ಯಾವ ಬಾಗಿಲು ಹೊರಟರೂ ಟೆಂಪೋ ಹತ್ತಿಸುವ ಮುಂಚೆ ಅದರ ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿ, ಎರಡು ಹೂವಿಟ್ಟು, ಕರ್ಪೂರ ಬೆಳಗುವುದು ಅವರ ಪದ್ಧತಿ. ಅದಾಗದೆ ಸರಕು ಗೇಟು ದಾಟುವುದಿಲ್ಲ. ಈ ಬಾಗಿಲು ಸಿದ್ಧವಾದ ದಿನ ಅವರು ಅರಿಶಿನದ ಬಟ್ಟಲು ಹಿಡಿದು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು. ಹಚ್ಚಲು ಜಾಗವೇ ಇಲ್ಲ. ಕೊನೆಗೆ ಬಗ್ಗಿ ಹಳಿಯನ್ನು ನೋಡಿದರು, ಗಾಲಿಗಳನ್ನು ನೋಡಿದರು, ಮುಖ ಅರಳಿತು.

"ಗಾಲಿ ಐತೆ, ಓಡ್ತದೆ. ಅಂದ್ಮೇಲೆ ಇದೂ ಗಾಡಿನೇ ಅಲ್ವಾ?"

ಹೊಸ ಗಾಡಿಗೆ ಏನು ಮಾಡುತ್ತೇವೋ ಅದನ್ನೇ ಮಾಡಿದರು. ನಿಂಬೆಹಣ್ಣು ಕೊಯ್ದು, ಹೋಳುಗಳಿಗೆ ಕುಂಕುಮ ಹಚ್ಚಿ, ಹಳಿಯೊಳಗೆ ಒಂದೊಂದು ಗಾಲಿಯ ಮುಂದೆಯೂ ಇಟ್ಟರು. ಮಂಗಳಾರತಿ ಆಯಿತು. ಇಬ್ಬರು ಕೆಲಸಗಾರರು ಹಲಗೆಗಳನ್ನು ಎಳೆದರು. ಪಚ್ ಪಚ್ ಅಂತ ಹೋಳುಗಳು ಅಪ್ಪಚ್ಚಿಯಾದವು. ಆಮೇಲೆ ನೀರು ಹೊಯ್ದು ಬಟ್ಟೆಯಲ್ಲಿ ಹಳಿ ಒರೆಸಿದರು. ನಾನೂ ಕೈಮುಗಿದು ಆರತಿ ತೆಗೆದುಕೊಂಡು, ಪ್ರಸಾದದ ಬಾಳೆಹಣ್ಣು ತಿಂದು, ಟೆಂಪೋದ ಹಿಂದೆ ಹೊರಟೆ.

ಪ್ರಯೋಗಾಲಯ ಊರಾಚೆ. ಅಲ್ಲಿ ಒಂದು ದೊಡ್ಡ ಉಕ್ಕಿನ ಕೋಣೆ, ಅದರ ಒಂದು ಗೋಡೆಯ ಜಾಗದಲ್ಲಿ ನಮ್ಮ ಬಾಗಿಲನ್ನು ಕೂರಿಸುತ್ತಾರೆ. ಮೊದಲು ಬಾಗಿಲಿನ ಮೇಲೆ ಪೂರ್ತಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೋಣೆ ತಾನೇ ಎಷ್ಟು ಸೋರುತ್ತದೆ ಅಂತ ಅಳೆಯುತ್ತಾರೆ. ಆಮೇಲೆ ಹಾಳೆ ತೆಗೆದು, ಜೋರು ಗಾಳಿ ಬೀಸಿದರೆ ಎಷ್ಟು ಒತ್ತಡವಿರುತ್ತದೋ ಅಷ್ಟನ್ನು ಹೊರಗಿನ ಕಡೆಯಿಂದ ಕೊಟ್ಟು ಮತ್ತೆ ಅಳೆಯುತ್ತಾರೆ. ಎರಡರ ವ್ಯತ್ಯಾಸವೇ ಬಾಗಿಲಿನ ಸೋರಿಕೆ. ಅಲ್ಲಿನ ಎಂಜಿನಿಯರ್ ಮಿತಭಾಷಿ. ಜೋಡಣೆಯ ಒಂದೊಂದು ಹಂತವನ್ನೂ ಕೇಳಿ ಬರೆದುಕೊಂಡು, "ನೀವು ಮಾರೋ ಬಾಗಿಲು ಇದೇ ಥರ ಇರ್ಬೇಕು. ಒಂದು ಸ್ಕ್ರೂ ಬೇರೆ ಆದ್ರೂ ಸರ್ಟಿಫಿಕೇಟ್ ಅದಕ್ಕೆ ಅನ್ವಯಿಸಲ್ಲ," ಅಂದರು. ಎಲ್ಲ ಹಂತಗಳನ್ನೂ ಹೇಳಿದೆ. ಪೂಜೆಯನ್ನು ಯಾರಾದರೂ ಹಂತ ಅಂತ ಹೇಳುತ್ತಾರೆಯೇ?

ಬಾಗಿಲು ಸೋರಿತು. ಮಿತಿಗಿಂತ ಸ್ವಲ್ಪ ಹೆಚ್ಚು, ಆದರೆ ಹೆಚ್ಚು ಅಂದರೆ ಹೆಚ್ಚೇ. ಎಂಜಿನಿಯರ್ ಸಂದುಗಳಿಗೆ ಒಂದೊಂದಾಗಿ ಟೇಪು ಅಂಟಿಸುತ್ತಾ ಹೋದರು. ಪಕ್ಕದ ಸಂದಿಗೆ ಅಂಟಿಸಿದಾಗ ಏನೂ ಬದಲಾಗಲಿಲ್ಲ, ಮೇಲೆ ಅಂಟಿಸಿದಾಗಲೂ ಇಲ್ಲ. ಕೆಳಗಿನ ಹಳಿಯನ್ನು ಒಳಗಡೆಯಿಂದ ಉದ್ದಕ್ಕೂ ಮುಚ್ಚಿದ ತಕ್ಷಣ ಸೋರಿಕೆ ನಿಂತಿತು.

"ಹಳಿ ಮೇಡಂ. ಫ್ಲಾಟ್ ಹಳಿ ಹಾಕಿದೋರಿಗೆಲ್ಲ ಇದೇ ತೊಂದ್ರೆ."

ಹಲಗೆಯ ತಳಕ್ಕೂ ಹಳಿಗೂ ನಡುವಿನ ರಬ್ಬರ್ ಅಂಚು ಸಾಲದಾಗಿದೆ ಅಂತ ನಾನು ತೀರ್ಮಾನಿಸಿದೆ. ಬಾಗಿಲು ಶೆಡ್ಡಿಗೆ ವಾಪಸ್ ಬಂತು. ಮೆತ್ತನೆಯ ಹೊಸ ಅಂಚು ತರಿಸಿ ಒಂದರ ಬದಲು ಎರಡು ಸಾಲು ಹಾಕಿಸಿದೆ. ಮೂಲೆಗಳನ್ನು ನಾನೇ ಕೂತು ಬ್ಲೇಡಿನಲ್ಲಿ ಕತ್ತರಿಸಿ ಕೂರಿಸಿದೆ. ಈ ಸಲ ಇರುವೆಯೂ ನುಸುಳುವುದಿಲ್ಲ ಅಂದುಕೊಂಡೆ.

ಮೇಸ್ತ್ರಿ ತಮ್ಮದೇ ತೀರ್ಮಾನಕ್ಕೆ ಬಂದಿದ್ದರು. "ದೃಷ್ಟಿ ಮೇಡಂ. ಹೋದ್ ಸಲ ಪೂಜೆ ಸಾಲ್ಲಿಲ್ಲ." ಈ ಸಲ ಗಾಲಿಯ ಮುಂದೊಂದು, ಹಿಂದೊಂದು ಹೋಳು ಇಟ್ಟರು. ಶೆಡ್ಡೆಲ್ಲ ನಿಂಬೆಯ ಘಮ.

ಎರಡನೆಯ ಪರೀಕ್ಷೆಯಲ್ಲಿ ಸೋರಿಕೆ ಮೊದಲಿಗಿಂತ ಜಾಸ್ತಿಯಾಗಿತ್ತು. ಹಾಳಾದ ಬಾಗಿಲಿಗೆ ಎರಡು ಸಾಲು ರಬ್ಬರು ಹಾಕಿದ ಮೇಲೆ ಸೋರಿಕೆ ಇಳಿಯಬೇಕು, ಇಳಿಯದಿದ್ದರೆ ಇದ್ದಲ್ಲೇ ಇರಬೇಕು, ಏರುವುದೆಂದರೇನು! ಎಂಜಿನಿಯರ್ ಒಂದು ಲೋಟ ನೀರು ತಂದುಕೊಟ್ಟರು.

ಮಾರನೆಯ ಬೆಳಿಗ್ಗೆ ನಮ್ಮ ಶೆಡ್ಡಿನ ಮಾಲೀಕರು ಕರೆದರು. ಅವರು ದಾವಣಗೆರೆ ಕಡೆಯವರು, ಹಣೆಯ ಮೇಲೆ ವಿಭೂತಿ ಇಲ್ಲದೆ ಶೆಡ್ಡಿಗೆ ಕಾಲಿಡುವವರಲ್ಲ. ಬೈಯುವುದಿಲ್ಲ. ಬೈದಿದ್ದರೇ ಚೆನ್ನಾಗಿರುತ್ತಿತ್ತು.

"ತಂಗಿ, ಹೊಸಿಲು ಇಟ್ಬಿಡೂಣು. ಎರಡೂ ಕಡೆ ಇಳಿಜಾರು ಹಲಗಿ ಹಾಕೂಣು, ಅವರ ಗಾಡಿ ಹತ್ತಿ ಇಳೀತದ. ಪಾಸಾದ್ರ ಸಾಕಲ್ಲ?"

ಆರ್ಕಿಟೆಕ್ಟ್ ಕೂಡ ಅಷ್ಟು ಹೊತ್ತಿಗೆ ಫೋನ್ ಮಾಡಿ, ಸೋಮವಾರದೊಳಗೆ ಫಲಿತಾಂಶ ಬರದಿದ್ದರೆ ಗಾಜಿನ ಗೋಡೆಯ ನಕ್ಷೆಯನ್ನು ದಾನಿಗಳಿಗೆ ಕಳಿಸುತ್ತೇನೆ ಅಂದಿದ್ದರು. ಅತ್ತ ದರಿ, ಇತ್ತ ಪುಲಿ. ಇಳಿಜಾರು ಹಲಗೆಯ ವಿಷಯವನ್ನು ಟೀಚರಿಗೆ ಫೋನಿನಲ್ಲಿ ಹೇಳಿದೆ.

"ಹಲಗೆ ಮೇಲೆ ಹತ್ತೋಕೆ ನಂಗೆ ತೋಳಲ್ಲಿ ಶಕ್ತಿ ಇದೆ ಕಣ್ರೀ. ನಮ್ ಹುಡುಗೀರಲ್ಲಿ ಅರ್ಧ ಜನಕ್ಕೆ ಇಲ್ಲ. ಅವರನ್ನ ಯಾರಾದ್ರೂ ತಳ್ಬೇಕು. ತಳ್ಳೋರು ಇಲ್ದಿದ್ದಾಗ ಹೊರಗೇ ಕೂತಿರ್ತಾರೆ. ಆದ್ರೂ ಹಿಂದಿನ ಬಾಗ್ಲಿಗಿಂತ ವಾಸಿ. ನಿಮ್ಗೆ ಆಗಲ್ಲ ಅಂದ್ರೆ ಅದನ್ನೇ ಮಾಡಿ, ನಾನೇನೂ ಅನ್ಕೊಳ್ಳಲ್ಲ."

ಅವರು ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ. ಇಷ್ಟು ಬೇಗ ಒಪ್ಪಿಕೊಂಡದ್ದಕ್ಕೇ ಹೊಸಿಲು ಇಡಲು ನನಗೆ ಮನಸ್ಸು ಬರಲಿಲ್ಲ. ಮಾಲೀಕರ ಹತ್ತಿರ ಹೋಗಿ, "ಸೋಮವಾರದವರೆಗೆ ಬಿಡಿ ಸಾರ್. ಎಲ್ಲಿ ಸೋರ್ತಿದೆ ಅಂತ ಕಣ್ಣಾರೆ ನೋಡದೆ ಏನನ್ನೂ ಬದಲಾಯಿಸಲ್ಲ," ಅಂದೆ. ಅವರು ನನ್ನನ್ನೇ ನೋಡಿದರು. "ಆತು. ನೋಡು," ಅಂದರು.

ನೋಡುವುದಕ್ಕೆ ನಮ್ಮ ಹತ್ತಿರ ಉಕ್ಕಿನ ಕೋಣೆ ಇರಲಿಲ್ಲ. ಬಾಗಿಲನ್ನು ಶೆಡ್ಡಿನಲ್ಲಿ ನಿಲ್ಲಿಸಿ, ಅದರ ಒಳಮಗ್ಗುಲಿಗೆ ಪ್ಲೈವುಡ್ಡು, ಪ್ಲಾಸ್ಟಿಕ್ ಹಾಳೆ ಸೇರಿಸಿ ಒಂದು ಗೂಡು ಕಟ್ಟಿಸಿದೆ. ಗೂಡಿಗೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಕೂರಿಸಿದೆ. ಫ್ಯಾನು ಗೂಡಿನ ಗಾಳಿ ಎಳೆದು ಹಾಕಿದರೆ ಹೊರಗಿನ ಗಾಳಿ ಬಾಗಿಲಿನ ಸಂದುಗಳ ಮೂಲಕವೇ ನುಗ್ಗಬೇಕು. ಎಲ್ಲಿ ನುಗ್ಗುತ್ತದೆ ಅಂತ ತೋರಿಸಲು ಹೊಗೆ ಬೇಕು.

"ಮೇಸ್ತ್ರಿ, ನಿಮ್ಮ ಊದುಬತ್ತಿ ಕೊಡಿ."

"ಪೂಜೆಗಾ?"

"ಸೋರಿಕೆ ಹುಡ್ಕೋಕೆ."

ಅವರೇ ಬತ್ತಿ ಹಚ್ಚಿ ಹಿಡಿದು, ಕುಕ್ಕರುಗಾಲಿನಲ್ಲಿ ಕೂತು ಬಾಗಿಲಿನ ಹೊರಮಗ್ಗುಲಲ್ಲಿ ಮೆಲ್ಲಗೆ ಸರಿಯುತ್ತಾ ಹೋದರು. ನಾನು ಪಕ್ಕದಲ್ಲಿ ಟಾರ್ಚು ಹಿಡಿದು ಬಗ್ಗಿದ್ದೆ. ಹಲಗೆಗಳ ಸಂದಿನಲ್ಲಿ ಹೊಗೆ ನೆಟ್ಟಗೆ ಮೇಲೇರಿತು. ಹಲಗೆಯ ತಳದ ರಬ್ಬರಿನ ಬಳಿಯೂ ನೆಟ್ಟಗೇ. ನನ್ನ ಎರಡು ಸಾಲಿನ ಅಂಚು ಸರಿಯಾಗಿಯೇ ಇತ್ತು! ಇನ್ನೂ ಕೆಳಗೆ, ನೀರು ಹೋಗುವ ಕಿಂಡಿಯ ಹತ್ತಿರ ಬತ್ತಿ ತಂದಾಗ ಹೊಗೆ ಒಮ್ಮೆಲೇ ಬಾಗಿ ಸೊರ್ರನೆ ಒಳಗೆ ಹೋಯಿತು. ಮುಂದಿನ ಕಿಂಡಿಯಲ್ಲಿ ಇಲ್ಲ. ಅದರ ಮುಂದಿನದರಲ್ಲಿ ಮತ್ತೆ ಸೊರ್ರ್.

ನನ್ನ ಹೆಮ್ಮೆಯ ನಾಲಿಗೆಗಳು. ಫ್ಯಾನು ನಿಲ್ಲಿಸಿ, ಚಿಮಟದಿಂದ ಒಂದು ನಾಲಿಗೆಯನ್ನು ಎತ್ತಿದೆ. ಅಡಿಯಲ್ಲಿ ಏನೋ ಅಂಟಿಕೊಂಡಿತ್ತು. ಎಳೆದು ಅಂಗೈಗೆ ಹಾಕಿಕೊಂಡೆ. ನಿಂಬೆ ಬೀಜ. ಇನ್ನೊಂದು ಕಿಂಡಿಯಲ್ಲೂ ನಿಂಬೆ ಬೀಜ, ಒಣಗಿದ ತಿರುಳಿನ ಸಮೇತ. ನೀರು ಹೊಯ್ದು ಹಳಿ ತೊಳೆದಾಗ ಬೀಜಗಳು ನೀರಿನ ಜೊತೆ ಕಿಂಡಿಗೆ ಇಳಿದು ನಾಲಿಗೆಯ ಬಾಯಿಗೆ ಸಿಕ್ಕಿಕೊಂಡಿದ್ದವು. ಬೀಜ ಕಚ್ಚಿದ ನಾಲಿಗೆ ಮುಚ್ಚುವುದು ಹೇಗೆ? ಎರಡನೆಯ ಸಲ ನಿಂಬೆ ಜಾಸ್ತಿಯಾಗಿದ್ದಕ್ಕೆ ಬೀಜವೂ ಜಾಸ್ತಿ, ಸೋರಿಕೆಯೂ ಜಾಸ್ತಿ. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು.

ಮೊದಲು ನನಗೆ ನಗು ಬಂತು. ನಗುತ್ತಲೇ ಪಕ್ಕಕ್ಕೆ ತಿರುಗಿದರೆ ಮೇಸ್ತ್ರಿಯ ಮುಖ ಸುಟ್ಟ ಬದನೆಕಾಯಿಯ ಹಾಗೆ ಬಾಡಿತ್ತು. ಊದುಬತ್ತಿ ಕೈಯಲ್ಲೇ ಉರಿಯುತ್ತಿತ್ತು. ನನ್ನ ನಗು ಅಲ್ಲೇ ನಿಂತಿತು.

"ನನ್ ಕೈಯಾರೆ ಆಯ್ತಲ್ಲ ಮೇಡಂ," ಅಂದರು. "ಒಳ್ಳೇದಾಗ್ಲಿ ಅಂತ ಮಾಡಿದ್ದು."

"ನಾನೂ ಅಲ್ಲೇ ಕೈ ಮುಗ್ಕೊಂಡು ನಿಂತಿದ್ನಲ್ಲ ಮೇಸ್ತ್ರಿ. ಬಾಳೆಹಣ್ಣೂ ತಿಂದೆ."

"ಇನ್ಮೇಲೆ ಬೇಡ. ನಿಂಬೆಹಣ್ಣು ಬಿಟ್ಬಿಡ್ತೀನಿ. ಬರೀ ಕರ್ಪೂರ ಹಚ್ಚಿ ಕಳಿಸೋಣ."

ಅದು ಎಲ್ಲಕ್ಕಿಂತ ಸುಲಭದ ದಾರಿಯಾಗಿತ್ತು. ಬೀಜ ತೆಗೆದು ಹಾಕಿ, ಕಿಂಡಿ ತೊಳೆದು, ಬಾಗಿಲನ್ನು ಕೊಂಡೊಯ್ದರೆ ಖಂಡಿತ ಪಾಸಾಗುತ್ತಿತ್ತು. ನಾನೂ "ಸರಿ" ಅನ್ನಲು ಬಾಯಿ ತೆರೆದಿದ್ದೆ. ಆಗ ಆ ಎಂಜಿನಿಯರ್ ಹೇಳಿದ ಮಾತು ನೆನಪಾಯಿತು. ಪರೀಕ್ಷೆಗೆ ತಂದ ಬಾಗಿಲು ಹೇಗಿದೆಯೋ ಮಾರುವ ಬಾಗಿಲೂ ಹಾಗೇ ಇರಬೇಕು. ಈ ಶೆಡ್ಡಿನಲ್ಲಿ ಮೇಸ್ತ್ರಿ ನಿಂಬೆಹಣ್ಣು ಬಿಡಬಹುದು. ಶ್ರೀಗಂಧದ ಕಾವಲಿನಲ್ಲಿ ಗೃಹಪ್ರವೇಶದ ದಿನ ಯಾರು ಬಿಡಿಸುತ್ತಾರೆ? ಆಯುಧಪೂಜೆಗೆ ಟೀಚರ್ ಕೇಂದ್ರದ ಹೊಲಿಗೆ ಮಿಷನ್ನಿಗೆಲ್ಲ ಪೂಜೆ ಮಾಡುವಾಗ ಗಾಲಿಯಿರುವ ಬಾಗಿಲನ್ನು ಬಿಡುತ್ತಾರೆಯೇ? ನಿಂಬೆ ಇಲ್ಲದಿದ್ದರೆ ಅಕ್ಕಿಕಾಳು, ಹೊಂಗೆ ಹೂವು, ದೂಳು, ಕುರ್ಚಿಯ ಗಾಲಿಗೆ ಅಂಟಿ ಬಂದ ಜಲ್ಲಿ. ಪ್ರಮಾಣಪತ್ರ ಗೋಡೆಯ ಮೇಲೆ ತೂಗಾಡುತ್ತಿರುತ್ತದೆ, ಕೆಳಗೆ ಬಾಗಿಲು ಸೋರುತ್ತಿರುತ್ತದೆ. ತಪ್ಪು ನಿಂಬೆಹಣ್ಣಿನದಲ್ಲ, ಒಂದು ಬೀಜಕ್ಕೆ ಬಾಯಿ ಬಿಡುವ ನನ್ನ ಕಿಂಡಿಯದು.

"ಬಿಡ್ಬೇಡಿ ಮೇಸ್ತ್ರಿ," ಅಂದೆ. "ಹಾಕಿ. ಈ ಸಲಾನೂ ಹಾಕಿ."

"ಏನ್ ಮೇಡಂ ನೀವು? ಸೋಮವಾರ ಲಾಸ್ಟು ಅಂತೀರ!"

"ಸೋರೋದಾದ್ರೆ ಲ್ಯಾಬಲ್ಲೇ ಸೋರ್ಲಿ. ಟೀಚರ್ ಕೇಂದ್ರದಲ್ಲಿ ಬೇಡ."

ಕಿಂಡಿಗೆ ಏನು ಮಾಡಬೇಕು ಅನ್ನುವುದು ಟೀ ಕುಡಿಯುವಾಗ ಹೊಳೆಯಿತು, ಟೀ ಸೋಸುವುದನ್ನು ನೋಡಿಯೇ ಹೊಳೆಯಿತು. ಕಿಂಡಿಗಳ ಮೇಲೆ ಹಳಿಯ ತಳದಲ್ಲಿ ಉದ್ದಕ್ಕೂ ಒಂದು ಸ್ಟೀಲ್ ಜಾಲರಿ. ನೀರು ಇಳಿಯಬೇಕು, ಬೀಜ ಮೇಲೇ ನಿಲ್ಲಬೇಕು. ಆದರೆ ಜಾಲರಿ ಕಟ್ಟಿಕೊಂಡರೆ? ಆದ್ದರಿಂದ ಅದು ಬೆರಳಲ್ಲಿ ಎತ್ತಿ ಕೊಡವಿ ಮತ್ತೆ ಕೂರಿಸುವ ಹಾಗಿರಬೇಕು. ಗಾಲಿಗೆ ತಾಗಬಾರದು. ಕುರ್ಚಿ ದಾಟಿದರೆ ಕದಲಬಾರದು. ಮೊದಲನೆಯದು ಗಾಲಿಗೆ ಉಜ್ಜಿತು. ಎರಡನೆಯದು ತೆಳ್ಳಗಾಗಿ ನಡುವೆ ಜೋತುಬಿತ್ತು. ಮೂರನೆಯದಕ್ಕೆ ಮೇಸ್ತ್ರಿ ಅಂಚು ಮಡಚಿ ಬಿಗಿ ಕೊಟ್ಟರು, ಅದು ಕೂತಿತು. ಎರಡು ದಿನ ನಾವಿಬ್ಬರೂ ಮಾಡಿದ್ದು ಅದೊಂದೇ ಕೆಲಸ. ಮಾತಿಗಿಂತ ಜಗಳವೇ ಹೆಚ್ಚು, ಆದರೆ ಜಗಳ ಚೆನ್ನಾಗಿತ್ತು.

ಮಾಲೀಕರಿಗೆ ನಡೆದದ್ದನ್ನೆಲ್ಲ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ತಂಗಿ, ಡ್ರಾಯಿಂಗ್‌ನ್ಯಾಗ ನಿಂಬಿಹಣ್ಣೂ ತೋರಿಸ್ತಿ ಏನು?" ಆಮೇಲೆ ನಗು ನಿಲ್ಲಿಸಿ, "ನಿಂಬಿಹಣ್ಣು ಹಾಕೇ ಒಯ್ತೀಯಾ? ಫೇಲಾದ್ರ?" ಅಂದರು.

"ಫೇಲಾದ್ರೆ ಹೊಸಿಲು ಇಡೋಣ ಸಾರ್. ನಾನೇ ಟೀಚರಿಗೆ ಹೇಳ್ತೀನಿ."

ಹಾಗೆ ಹೇಳಿದೆನೇ ಹೊರತು ನನಗೂ ಖಾತ್ರಿ ಇರಲಿಲ್ಲ. ಅವರಿಗೂ ಅದು ಕಂಡಿರಬೇಕು, ಆದರೂ ಬೇಡ ಅನ್ನಲಿಲ್ಲ.

ಈ ಸಲ ಪೂಜೆಯ ಹೊತ್ತಿಗೆ ಮೇಸ್ತ್ರಿಗೆ ಧೈರ್ಯ ಸಾಲಲಿಲ್ಲ. ಹೋಳುಗಳನ್ನು ಚಿಕ್ಕದಾಗಿ ಕೊಯ್ಯಲು ಹೊರಟರು, ಬೀಜ ಆರಿಸಿ ತೆಗೆಯಲು ಶುರು ಮಾಡಿದರು. ನಾನು ಬಿಡಲಿಲ್ಲ. ಎಂದಿನ ಹಾಗೇ ಇಟ್ಟರು, ಹಲಗೆಗಳು ಎಂದಿನ ಹಾಗೇ ಉರುಳಿದವು, ನೀರು ಹೊಯ್ದು ಒರೆಸಿದರು. ಪ್ರಯೋಗಾಲಯದಲ್ಲಿ ಜೋಡಣೆಯ ಹಂತಗಳನ್ನು ಹೇಳುವಾಗ ಈ ಹಂತವನ್ನೂ ಹೇಳಿದೆ. ಎಂಜಿನಿಯರ್ ಪೆನ್ನು ಎತ್ತಿ ನನ್ನ ಮುಖ ನೋಡಿದರು.

"ನಿಂಬೆಹಣ್ಣು ಅಂತ ಬರೀಲಾ?"

"ಬರೀರಿ ಸಾರ್. ಹಳಿಗೆ ಕಸ ಹಾಕಿ, ನೀರಲ್ಲಿ ತೊಳೆದು ಪರೀಕ್ಷೆಗೆ ತಂದಿದ್ದು ಅಂತ ಬರೀರಿ. ಅದೇ ಅರ್ಥ."

ಪ್ಲಾಸ್ಟಿಕ್ ಮುಚ್ಚಿದರು, ಅಳೆದರು, ತೆಗೆದರು. ಗಾಳಿ ಒತ್ತುವ ಬ್ಲೋವರ್ ಸದ್ದು ಏರಿತು. ಮೇಸ್ತ್ರಿ ಈ ಸಲ ಹಟ ಹಿಡಿದು ಜೊತೆಗೆ ಬಂದಿದ್ದರು. ಅವರಿಗೆ ಆ ಮೀಟರು ಓದಲು ಬರುವುದಿಲ್ಲ, ಆದ್ದರಿಂದ ನನ್ನ ಮುಖವನ್ನೇ ಓದುತ್ತಿದ್ದರು. ಸಂಖ್ಯೆ ಏರುತ್ತಾ ಹೋಗಿ ಒಂದು ಕಡೆ ನಿಂತಿತು. ಮಿತಿಗಿಂತ ಸಾಕಷ್ಟು ಕೆಳಗೆ. ಎಂಜಿನಿಯರ್ ಒತ್ತಡ ಹಾಗೇ ಹಿಡಿದು ಮತ್ತೆ ನೋಡಿದರು, ಕದಲಲಿಲ್ಲ.

"ಪಾಸ್ ಮೇಡಂ."

ಮೇಸ್ತ್ರಿ ಬಾಗಿಲಿನ ಹತ್ತಿರ ಹೋಗಿ ಜಾಲರಿಯನ್ನು ಎತ್ತಿ ತಂದು ತೋರಿಸಿದರು. ಅದರ ಮೇಲೆ ಬೀಜಗಳು ಸಾಲಾಗಿ ಕೂತಿದ್ದವು. "ಎಲ್ಲಾ ಇಲ್ಲೇ ಇದಾವೆ ನೋಡಿ," ಅಂದರು. ನನ್ನ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಮಳೆಗಾಲಕ್ಕೆ ಮುಂಚೆಯೇ ಕೇಂದ್ರದಲ್ಲಿ ಬಾಗಿಲು ಕೂತಿತು. ಮೂಲೆಯಲ್ಲಿ ಪ್ರಮಾಣಪತ್ರದ ಸಂಖ್ಯೆಗಳಿರುವ ಸಣ್ಣ ಚೀಟಿ, ಈ ಸಲ ಅದರಲ್ಲಿ ಬಾಗಿಲಿನದೇ ಸಂಖ್ಯೆಗಳು. ಪ್ರವೇಶದ ದಿನ ಹಲಗೆಗಳನ್ನೆಲ್ಲ ಮಡಚಿ ಬದಿಗೆ ಸರಿಸಿದ್ದೆವು. ಮಾಲೀಕರು, ಆರ್ಕಿಟೆಕ್ಟು, ಕುರ್ಚಿಗಳಲ್ಲಿ ಕೂತ ಹುಡುಗಿಯರು ಎಲ್ಲ ಅಂಗಳದಲ್ಲಿದ್ದರು. ಟೀಚರ್ ರೇಷ್ಮೆ ಸೀರೆ ಉಟ್ಟು ಎಲ್ಲರಿಗಿಂತ ಮುಂದಿದ್ದರು. ಮೇಸ್ತ್ರಿ ಜೇಬಿನಿಂದ ಎರಡು ನಿಂಬೆಹಣ್ಣು ತೆಗೆದಾಗ ಅವರು ಹಳಿಯ ಕಡೆಗೆ ಹೋಗುತ್ತಾರೆ ಅಂದುಕೊಂಡೆ. ಅವರು ನೇರ ಟೀಚರ್ ಕುರ್ಚಿಯ ಮುಂದೆ ಬಗ್ಗಿ, ಎರಡು ಗಾಲಿಗಳ ಮುಂದೆ ಒಂದೊಂದು ಇಟ್ಟರು.

"ಏನಪ್ಪಾ, ನನ್ ಗಾಡಿಗೂ ಪೂಜೆನಾ? ಇದು ಹಳೇ ಗಾಡಿ ಕಣಪ್ಪಾ!"

"ಗಾಡಿ ಹಳೇದೇ ಟೀಚರ್. ಮುಂಬಾಗ್ಲು ಹೊಸದಲ್ವಾ?"

ಒಬ್ಬ ಹುಡುಗಿಯ ಅಣ್ಣ ತಳ್ಳಲು ಮುಂದೆ ಬಂದ. "ಮುಟ್ಬೇಡ ಕಣೋ," ಅಂತ ಟೀಚರ್ ಗದರಿದರು. ತಾವೇ ಎರಡೂ ಗಾಲಿ ಹಿಡಿದು ಜೋರಾಗಿ ಒತ್ತಿದರು. ಹಣ್ಣುಗಳು ಪಚಕ್ಕೆಂದವು, ಹುಡುಗಿಯರು ಹೋ ಅಂತ ಕೂಗಿದರು. ಟೀಚರ್ ನಿಲ್ಲಲಿಲ್ಲ. ಕತ್ತು ಹೊರಳಿಸಿ ಮೇಸ್ತ್ರಿಯನ್ನು ಛೇಡಿಸುತ್ತಲೇ ಇದ್ದರು. "ಹೂವೆಲ್ಲಿ? ಕುಂಕುಮ ಎಲ್ಲಿ? ಬರೀ ನಿಂಬೆಹಣ್ಣಲ್ಲೇ ಸಾಗ್ ಹಾಕ್ತೀಯಾ ನನ್ನ?" ಹೇಳುತ್ತಾ ಹೇಳುತ್ತಾ ಹಾಲ್‌ನ ನಡುವಿನ ಫ್ಯಾನಿನ ಕೆಳಗೆ ಬಂದಿದ್ದರು. ಅಲ್ಲಿ ಥಟ್ಟನೆ ಗಾಲಿ ಹಿಡಿದು ನಿಂತರು.

"ಬಾಗ್ಲು ಎಲ್ಲಿ? ದಾಟಿದ್ನಾ?"

"ಆಗ್ಲೇ ದಾಟಿದ್ರಿ ಟೀಚರ್."

ಅವರು ಕುರ್ಚಿ ತಿರುಗಿಸಿಕೊಂಡು ಬಾಗಿಲನ್ನು ನೋಡಿದರು. ನಿಧಾನವಾಗಿ ಬಾಯಿ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ," ಅಂದರು, "ನಾನು ಕೆಳಗೆ ನೋಡ್ಲೇ ಇಲ್ವಲ್ರೀ."

ನಾನು ನೋಡಿದೆ. ಅವರ ಗಾಲಿಗೆ ಅಂಟಿ ಬಂದ ಒಂದು ನಿಂಬೆ ಬೀಜ ಹಳಿಯೊಳಗಿನ ಜಾಲರಿಯ ಮೇಲೆ ಬಿದ್ದಿತ್ತು. ಅದನ್ನು ಅಲ್ಲೇ ಬಿಟ್ಟು ಎಲ್ಲರ ಜೊತೆ ಒಳಗೆ ಹೋದೆ.